ಸೊಂಟ ಎಂದು ಸುಳ್ಳು ಹೇಳಿದ ವರ್ಷಗಳು

ನನಗೆ ನೋವು ಶುರುವಾದ ದಿನ ನಾನು ಎಲ್ಲೂ ಬಿದ್ದಿರಲಿಲ್ಲ, ಭಾರದ್ದೇನನ್ನೂ ಎತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆಮೇಲೆ ಸಿಕ್ಕ ಪ್ರತಿಯೊಬ್ಬ ಡಾಕ್ಟರೂ ಮೊದಲು ಕೇಳಿದ್ದು ಅದನ್ನೇ. ಬಿದ್ದಿದ್ರಾ, ಗಾಡಿಯಿಂದ ಜಾರಿದ್ರಾ ಎಂದು. ಇಲ್ಲ ಎಂದಾಗ ಅವರ ಪೆನ್ನು ಒಂದು ಕ್ಷಣ ನಿಲ್ಲುತ್ತಿತ್ತು. ಎಲ್ಲಾದರೂ ಬಿದ್ದಿದ್ದರೇ ಚೆನ್ನಾಗಿತ್ತು ಎಂದು ನನಗೇ ಅನಿಸುವಷ್ಟು ಸಲ ಆ ಪ್ರಶ್ನೆಗೆ ಉತ್ತರ ಕೊಟ್ಟಿದ್ದೇನೆ.

ಬಂಗಾರಪೇಟೆಯಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯ ಹತ್ತಿರ ಪತ್ರ ಬರಹಗಾರ ಗೋಪಾಲಯ್ಯನವರ ಪುಟ್ಟ ಅಂಗಡಿಯಿದೆ. ಅಲ್ಲಿ ಕ್ರಯಪತ್ರ, ವಿಭಾಗಪತ್ರ, ದಾನಪತ್ರಗಳನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡುವುದು ನನ್ನ ಕೆಲಸ. ನಮ್ಮೂರು ಕ್ಯಾಸಂಬಳ್ಳಿಯಿಂದ ಎರಡು ಕಿಲೋಮೀಟರ್ ಒಳಗೆ. ಮನೆಯಲ್ಲಿ ಎರಡು ಹಸು, ರಾಗಿ ಹೊಲ, ಒಂದಿಷ್ಟು ತರಕಾರಿ. ಬೆಳಿಗ್ಗೆ ಹಾಲು ಕರೆದು, ಬಸ್ಸು ಹಿಡಿದು ರಾಬರ್ಟ್‌ಸನ್‌ಪೇಟೆಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಬಂಗಾರಪೇಟೆಗೆ ಹೋಗಿ, ಸಂಜೆಯವರೆಗೆ ಕೂತು ಟೈಪ್ ಮಾಡಿ, ಹಾಗೇ ಹಿಂತಿರುಗುವುದು. ಹನ್ನೊಂದು ವರ್ಷ ಇದನ್ನೇ ಮಾಡಿದ್ದೆ. ಕೂರುವುದೂ ಒಂದು ಕೆಲಸ ಎಂದು ನನಗೆ ಗೊತ್ತಿರಲಿಲ್ಲ.

ಆ ದಿನ ಮೂವರು ಅಣ್ಣತಮ್ಮಂದಿರ ವಿಭಾಗಪತ್ರ ಹೊಡೆಯುತ್ತಿದ್ದೆ. ಯಾರ ಜಮೀನಿನ ಪೂರ್ವಕ್ಕೆ ಯಾರದು, ಪಶ್ಚಿಮಕ್ಕೆ ಯಾರದು ಎಂದು ಬರೆಯುವ ಹೊತ್ತಿಗೆ, ಒಂದು ಬಿಸಿ ಗೋಲಿಯ ಮೇಲೆ ಕೂತ ಹಾಗಾಯಿತು. ಎದ್ದೆ. ಎದ್ದೊಡನೆ ಕಡಿಮೆಯಾಯಿತು. ಕುರ್ಚಿಯ ಮೇಲೆ ಕೈಯಾಡಿಸಿ ನೋಡಿದೆ, ಏನೂ ಇರಲಿಲ್ಲ. ಮತ್ತೆ ಕೂತೆ. ಗೋಲಿ ಅಲ್ಲೇ ಇತ್ತು.

ಮೊದಲ ವಾರ ಒಂದು ಗಂಟೆ ಕೂತ ಮೇಲೆ ಬರುತ್ತಿತ್ತು. ಆಮೇಲೆ ಅರ್ಧ ಗಂಟೆಗೆ ಇಳಿಯಿತು. ಮೂರು ತಿಂಗಳು ಕಳೆಯುವ ಹೊತ್ತಿಗೆ ನಾನು ಐದು ನಿಮಿಷದ ಮೇಲೆ ಎಲ್ಲೂ ಕೂರಲಾರದವಳಾಗಿದ್ದೆ. ನಿಂತರೆ ಸರಿ, ಮಲಗಿದರೆ ಸರಿ. ನಮ್ಮನೆಯವರ ಮೊಪೆಡ್ಡಿನ ಹಿಂದೆ ಕೂತರೆ ಊರಿನ ಮೋರಿ ದಾಟುವುದರೊಳಗೆ ಕಣ್ಣಲ್ಲಿ ನೀರು. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಕಂಬ ಹಿಡಿದು ನಿಲ್ಲುತ್ತಿದ್ದೆ.

"ಇಷ್ಟು ಸೀಟು ಖಾಲಿ ಐತಲ್ಲಮ್ಮ, ದಾರಿಗಡ್ಡ ಯಾಕೆ ನಿಂತ್ಕಂಡಿದ್ದೀಯ?" ಎಂದು ಕಂಡಕ್ಟರ್ ದಿನಾ ಕೇಳುತ್ತಿದ್ದ. ಮುಂದೆ ಇಳೀಬೇಕು ಎನ್ನುತ್ತಿದ್ದೆ. ನಾನು ಇಳಿಯುವುದು ಕೊನೆಯ ಸ್ಟಾಪಿನಲ್ಲಿ ಎಂದು ಅವನಿಗೂ ಗೊತ್ತಿತ್ತು.

ಮೊದಲು ತೋರಿಸಿದ್ದು ರಾಬರ್ಟ್‌ಸನ್‌ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ. ನಮ್ಮನೆಯವರೂ ಬಂದಿದ್ದರು. ಗೋಡೆಗೆ ಸಾಲಾಗಿ ಸ್ಟೀಲ್ ಕುರ್ಚಿಗಳು, ಎಲ್ಲದರಲ್ಲೂ ಜನ. ನಾನು ಹೋಗಿ ಡಾಕ್ಟರ ಬಾಗಿಲ ಪಕ್ಕದಲ್ಲಿ ನಿಂತೆ, ಅಲ್ಲಿ ಒರಗಲು ಗೋಡೆ ಇತ್ತು. ಎರಡೇ ನಿಮಿಷಕ್ಕೆ ಒಬ್ಬ ಹೆಂಗಸು, "ನಿಮ್ಮ ಟೋಕನ್ ನಂಬರ್ ಎಷ್ಟು?" ಎಂದು ಗಟ್ಟಿಯಾಗಿ ಕೇಳಿದಳು. ಸರದಿ ಮುರಿಯಲು ನಿಂತಿದ್ದೇನೆ ಎಂದು ಅವಳ ಲೆಕ್ಕ. ಟೋಕನ್ ಕೊಡುವ ಹುಡುಗಿ ಮೊದಲು ತಮಿಳಿನಲ್ಲಿ "ಉಕ್ಕಾರುಂಗಕ್ಕಾ" ಎಂದಳು. ನಾನು ಅಲುಗಾಡದಿದ್ದಾಗ ತೆಲುಗಿನಲ್ಲಿ "ಕೂರ್ಚೋಂಡಮ್ಮಾ" ಎಂದಳು. ಕೊನೆಗೆ ಎದ್ದು ಬಂದು ಕನ್ನಡದಲ್ಲಿ, "ಕೂತ್ಕಳಿ, ನಿಮ್ಮನ್ನ ಕರೀತೀವಿ" ಎಂದಳು. ಮೂರು ಭಾಷೆಯೂ ನನಗೆ ಅರ್ಥವಾಗುತ್ತಿತ್ತು. ಕೂತೆ. ನನ್ನ ನಂಬರ್ ಬರುವವರೆಗೆ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೂತಿದ್ದೆ.

ಒಳಗೆ ಡಾಕ್ಟರು ನಮ್ಮಪ್ಪನ ವಯಸ್ಸಿನವರು. ಬಾಗಿಲು ಅರ್ಧ ತೆರೆದಿತ್ತು. ಪಕ್ಕದಲ್ಲಿ ಕಾಂಪೌಂಡರ್ ಏನೋ ಬರೆಯುತ್ತಿದ್ದ. "ಎಲ್ಲಮ್ಮ ನೋವು?" ಎಂದು ಕೇಳಿದರು.

ನೋವು ಎಲ್ಲಿದೆ ಎಂದು ನನಗೆ ಬೆರಳಿಟ್ಟು ತೋರಿಸುವಷ್ಟು ಚೆನ್ನಾಗಿ ಗೊತ್ತಿತ್ತು. ಕೂತಾಗ ನೆಲಕ್ಕೆ ತಾಗುವ ಕಡೆ. ಅದಕ್ಕಿಂತ ಸ್ವಲ್ಪ ಮುಂದೆ. ಹೆಂಗಸರು ಒಬ್ಬರಿಗೊಬ್ಬರೂ ಹೆಸರು ಹಿಡಿದು ಹೇಳದ ಜಾಗ. ನಾನು ಬಾಯಿ ತೆರೆದೆ, ಹೊರಗಿನ ಸಾಲಿನವರ ಮುಖ ಬಾಗಿಲ ಸಂದಿಯಲ್ಲಿ ಕಾಣಿಸಿತು.

"ಸೊಂಟ ಸಾರ್" ಎಂದೆ.

ಅದೊಂದು ಮಾತು ನನ್ನ ಎರಡು ವರ್ಷ ತಿಂದಿತು. ಪತ್ರ ಟೈಪ್ ಮಾಡುವ ನಮಗೆ ಗೊತ್ತು, ಒಂದು ಪತ್ರದಲ್ಲಿ ಸರ್ವೆ ನಂಬರ್ ತಪ್ಪಾಗಿ ಬಿದ್ದರೆ ಮುಂದಿನ ಪತ್ರದವನು ಅದನ್ನೇ ನೋಡಿ ಬರೆಯುತ್ತಾನೆ, ಅದರ ಮುಂದಿನವನೂ ಅಷ್ಟೇ. ನನ್ನ ಚೀಟಿಯೂ ಹಾಗೇ ಆಯಿತು. ಎರಡನೆಯ ಡಾಕ್ಟರು ಮೊದಲನೆಯವರ ಚೀಟಿ ನೋಡಿ ಸೊಂಟ ಎಂದು ಬರೆದರು. ಮೂರನೆಯವರು ಇಬ್ಬರದನ್ನೂ ನೋಡಿ ಸೊಂಟಕ್ಕೆ ಬೆಲ್ಟ್ ಕೊಟ್ಟರು. ಅವರದ್ಯಾರದೂ ತಪ್ಪಲ್ಲ. ಅವರು ಕೇಳಿದ್ದರು, ನಾನು ಹೇಳಿದ್ದೆ.

ಕೋಲಾರದಲ್ಲಿ ಎಂ.ಆರ್.ಐ ಮಾಡಿಸಿದರು. ಎಲ್ಲರೂ ಹೆದರಿಸಿದ್ದರು, ಗುಹೆಯ ಹಾಗಿರುತ್ತದೆ, ಸದ್ದಿಗೆ ತಲೆ ಕೆಡುತ್ತದೆ ಎಂದು. ನನಗೆ ಅದು ಸುಖವಾಗಿತ್ತು. ಮಲಗಲು ಹೇಳಿದ್ದರು, ಅಷ್ಟೇ. ಅಷ್ಟು ಸದ್ದಿನಲ್ಲೂ ತೂಕಡಿಸಿದೆ. ಮರುದಿನ ರಿಪೋರ್ಟು ಬಂತು. ಸೊಂಟದಲ್ಲಿ ಏನೂ ಇಲ್ಲ.

"ಏನೂ ಇಲ್ಲಂತೆ ಲಲ್ತಾ" ಎಂದು ನಮ್ಮನೆಯವರು ಆ ಕವರನ್ನು ಎದೆಗೆ ಒತ್ತಿಕೊಂಡು ಹೊರಗೆ ಬಂದರು. ಅವರ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು. "ಎಲ್ಲ ನಾರ್ಮಲ್ಲಂತೆ. ಇನ್ನೇನು ಭಯ ಇಲ್ಲ."

ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಅವರು ಕಲ್ಲು ಬೆಂಚಿನ ಮೇಲೆ ಕೂತು ಟೀ ಕುಡಿದರು, ನಾನು ಪಕ್ಕದಲ್ಲಿ ನಿಂತು ಕುಡಿದೆ. ಏನಾದರೂ ಇದ್ದಿದ್ದರೆ ಅದಕ್ಕೊಂದು ಹೆಸರು ಇರುತ್ತಿತ್ತು, ಮಾತ್ರೆ ಇರುತ್ತಿತ್ತು. ಏನೂ ಇಲ್ಲ ಎಂದ ಮೇಲೆ ಉಳಿದದ್ದು ಎರಡೇ. ಒಂದು, ಯಾರಿಗೂ ಕಾಣದ ದೊಡ್ಡ ಕಾಯಿಲೆ. ಇನ್ನೊಂದು, ನನ್ನ ತಲೆ ಕೆಟ್ಟಿರುವುದು. ಯಾವುದು ಎಂದು ಯೋಚಿಸುತ್ತಾ ಬಸ್ಸಿನಲ್ಲಿ ಊರಿನವರೆಗೆ ನಿಂತೇ ಬಂದೆ.

ಆ ದಿನಗಳಲ್ಲಿ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗೆಲ್ಲ ಮೊಬೈಲಿನಲ್ಲಿ ಹುಡುಕುವುದು ಅಭ್ಯಾಸವಾಯಿತು. ಕೂತರೆ ನೋವು, ನಿಂತರೆ ಇಲ್ಲ ಎಂದು ಬರೆದರೆ ಮೊದಲು ಸಣ್ಣ ಪುಟ್ಟ ಕಾಯಿಲೆಗಳ ಹೆಸರು ಬರುತ್ತವೆ. ಕೆಳಗೆ ಹೋದ ಹಾಗೆ ಕ್ಯಾನ್ಸರ್ ಬರುತ್ತದೆ. ನಾನು ಯಾವಾಗಲೂ ಕೆಳಗೇ ಹೋಗುತ್ತಿದ್ದೆ. ಒಂದು ಭಾನುವಾರ ನನ್ನ ಮಗಳು ಪವಿತ್ರ, ಆಗ ಎಂಟನೇ ಕ್ಲಾಸು, ಹೋಂವರ್ಕಿಗೆಂದು ನನ್ನ ಮೊಬೈಲು ತೆಗೆದುಕೊಂಡಳು. ಸ್ವಲ್ಪ ಹೊತ್ತಿಗೆ ನಾನು ಪಾತ್ರೆ ಉಜ್ಜುತ್ತಿದ್ದ ಕಡೆ ಬಂದು ನಿಂತಳು.

"ಅಮ್ಮ, ನೀನು ಸತ್ತೋಗ್ತೀಯಾ?"

"ಯಾರೇ ಅಂದಿದ್ದು?"

"ನೀನೇ ಕೇಳಿದ್ದೀಯಲ್ಲ ಮೊಬೈಲಲ್ಲಿ. ಎಷ್ಟು ವರ್ಷ ಬದುಕ್ತಾರೆ ಅಂತ."

ಕೈ ತೊಳೆದುಕೊಂಡು ಅವಳನ್ನು ಹತ್ತಿರಕ್ಕೆ ಎಳೆದುಕೊಂಡೆ. ಏನೂ ಇಲ್ಲ ಕಣಮ್ಮ, ಡಾಕ್ಟರೇ ಏನೂ ಇಲ್ಲ ಅಂದವ್ರೆ ಎಂದೆ. ನನ್ನನ್ನು ಅಷ್ಟು ಹೆದರಿಸಿದ್ದ ಮಾತನ್ನೇ ಮಗಳಿಗೆ ಧೈರ್ಯಕ್ಕೆಂದು ಕೊಟ್ಟೆ. ಅವಳು ನಂಬಿದ ಹಾಗೆ ಕಾಣಲಿಲ್ಲ.

ನಮ್ಮತ್ತೆ ಮುನಿಯಮ್ಮ ನಂಬದಿದ್ದದ್ದು ನನಗೆ ನೋವಿದೆ ಎನ್ನುವುದನ್ನೇ. ಅವರಿಗೆ ಕಾರಣವೂ ಇತ್ತು. ವಿಚಿತ್ರವೆಂದರೆ ಕುಕ್ಕರಗಾಲಿನಲ್ಲಿ ಕೂತರೆ ನನಗೆ ನೋವಿರಲಿಲ್ಲ. ಹಾಲು ಕರೆಯಬಲ್ಲೆ, ಬಟ್ಟೆ ಒಗೆಯಬಲ್ಲೆ, ಹೊಲದಲ್ಲಿ ಕಳೆ ಕೀಳಬಲ್ಲೆ. ಊಟಕ್ಕೆ ಚಾಪೆಯ ಮೇಲೆ ಕೂರು ಎಂದರೆ ಆಗದು. ಅದು ಯಾಕೆ ಹಾಗೆ ಎಂದು ನನಗೇ ಗೊತ್ತಿರದಾಗ ಅವರಿಗೆ ಏನು ಹೇಳಲಿ.

ಒಂದು ಬೆಳಿಗ್ಗೆ ನಾನು ಹಾಲು ಕರೆಯುತ್ತಿದ್ದಾಗ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನೋಡಿದರು.

"ಆಲು ಕರಿಯಕ್ಕೆ ಕುಂತ್ಕಂತೀಯ."

"ಇದು ಬೇರೆ ತರ ಅತ್ತೆ. ಕಾಲ ಮೇಲೆ ಭಾರ ಬೀಳ್ತದೆ."

"ನೆಂಟರು ಬಂದ್ರೆ ಕುಂತ್ಕಳಕ್ಕಾಗಲ್ಲ. ಗೌರಮ್ಮನ ಮನೆ ಸಾವಿಗೆ ಓದಾಗ ಒಂದು ಗಳಿಗೆ ಕುಂತ್ಕಳ್ಲಿಲ್ಲ ನೀನು, ಎಲ್ಲಾ ನನ್ನ ಕೇಳಿದ್ರು, ನಿನ್ನ ಸೊಸೇಗೇನು ಅಷ್ಟು ಧಿಮಾಕು ಅಂತ. ನಾನೇನು ಏಳ್ಲಿ? ಡಾಕ್ಟ್ರು ಏನೂ ಇಲ್ಲ ಅಂದ್ರು ಅಂತ ಏಳ್ಲಾ?"

ನಾನು ಹಸುವಿನ ಹೊಟ್ಟೆಗೆ ಹಣೆ ಒರಗಿಸಿ ಕರೆಯುತ್ತಲೇ ಇದ್ದೆ. ಅವರು ಕೆಟ್ಟವರಲ್ಲ. ಆಂಧ್ರದ ಗಡಿ ದಾಟಿ ಒಬ್ಬ ನಾಟಿ ವೈದ್ಯರ ಹತ್ತಿರ ನನ್ನನ್ನು ಕರೆದುಕೊಂಡು ಹೋಗಿ ಎಣ್ಣೆ ಕೊಡಿಸಿದ್ದರು, ತಾವೇ ಕೂತು ನನ್ನ ಸೊಂಟಕ್ಕೆ ತಿಂಗಳುಗಟ್ಟಲೆ ತಿಕ್ಕಿದ್ದರು. ಆ ಕೈಗಳು ಪಾಪ, ನನ್ನ ಸುಳ್ಳನ್ನು ತಿಕ್ಕುತ್ತಿದ್ದವು.

ಗೋಪಾಲಯ್ಯನವರು ಮೊದಮೊದಲು ದಿಂಬು ತಂದುಕೊಟ್ಟರು. ಆಮೇಲೆ ಹಳೆಯ ಕಬ್ಬಿಣದ ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಕಂಪ್ಯೂಟರ್ ಏರಿಸಿದರು. ನಾನು ನಿಂತು ಟೈಪ್ ಮಾಡುತ್ತಿದ್ದೆ. ಬರುವ ಗಿರಾಕಿಗಳೆಲ್ಲ ಯಾಕಮ್ಮ ನಿಂತಿದ್ದೀಯ ಎಂದು ಕೇಳುತ್ತಿದ್ದರು, ಕೇಳಿದವರಿಗೆಲ್ಲ ಏನಾದರೊಂದು ಹೇಳುತ್ತಿದ್ದೆ, ನಿಂತು ನಿಂತು ಸಂಜೆಗೆ ಕಾಲು ಬಾತುಕೊಳ್ಳುತ್ತಿತ್ತು. ಒಂದು ದಿನ ಅವರು ಕನ್ನಡಕ ಒರೆಸುತ್ತಾ, "ಇನ್ನೊಬ್ಬ ಹುಡುಗಿ ಬರ್ತಾಳಮ್ಮ ನಾಳೆಯಿಂದ. ನೀನು ಮಧ್ಯಾಹ್ನದವರೆಗೆ ಮಾಡಿದ್ರೆ ಸಾಕು" ಎಂದರು. ಅವರು ನನ್ನನ್ನು ತೆಗೆದುಹಾಕಲಿಲ್ಲ. ಆದರೂ ಆವತ್ತು ನನಗೆ ಮುಂದಿನದೆಲ್ಲ ಕಾಣಿಸಿಬಿಟ್ಟಿತು, ಮಧ್ಯಾಹ್ನದವರೆಗೆ ಎನ್ನುವುದು ವಾರಕ್ಕೆ ಮೂರು ದಿನ ಆಗುವುದು, ಆಮೇಲೆ ಏನೂ ಆಗದಿರುವುದು.

ಇಷ್ಟರಲ್ಲಿ ನನ್ನ ನಾದಿನಿ ಗೀತಾಳಿಗೆ ಗಂಡು ನೋಡುತ್ತಿದ್ದರು. ನಮ್ಮ ಮಾವ ತೀರಿಕೊಂಡಾಗ ಅವಳಿನ್ನೂ ಹೈಸ್ಕೂಲು. ಬಿ.ಎ. ಮುಗಿಸಿ ರಾಬರ್ಟ್‌ಸನ್‌ಪೇಟೆಯ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಗಿರಾಕಿ ಇರಲಿ ಬಿಡಲಿ, ಅಲ್ಲಿ ಹುಡುಗಿಯರು ಕೂರುವ ಹಾಗಿಲ್ಲ. ಸಂಜೆ ಬಸ್ಸಿನಲ್ಲಿ ಅವಳು ಸೀಟು ಕಂಡರೆ ಬಿದ್ದ ಹಾಗೆ ಕೂರುತ್ತಿದ್ದಳು, ನಾನು ಅವಳ ಪಕ್ಕ ಕಂಬ ಹಿಡಿದು ನಿಂತಿರುತ್ತಿದ್ದೆ.

ಒಂದು ಸಂಬಂಧ ಎಲ್ಲ ರೀತಿಯಲ್ಲೂ ಕೂಡಿ ಬಂತು. ಹುಡುಗ ಲೈನ್‌ಮ್ಯಾನ್, ಮನೆತನ ಗೊತ್ತಿದ್ದದ್ದು, ಜಾತಕ ಆಗಲೇ ನೋಡಿಸಿ ಆಗಿತ್ತು. ಮನೆಗೆ ಬರುತ್ತೇವೆ ಎಂದು ಹೇಳಿ ಕಳಿಸಿದರು. ಆ ದಿನ ಬೆಳಿಗ್ಗೆ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದರು.

"ಲಲ್ತಾ, ಇವತ್ತೊಂದಿನ ಕುಂತ್ಕಳಮ್ಮ. ಮನೆಗೆ ದೊಡ್ಡ ಸೊಸೆ ನೀನು. ನೀನು ನಿಂತಿದ್ರೆ ಅವರು ಏನಂದ್ಕಂತಾರೆ?"

"ಆಯ್ತು ಅತ್ತೆ."

ಏಳು ಜನ ಬಂದರು. ನಾನು ಹುಡುಗನ ತಾಯಿಯ ಪಕ್ಕದಲ್ಲಿ ಚಾಪೆಯ ಮೇಲೆ ಕೂತೆ. ಎದುರಿಗೆ ಗೋಡೆಯಲ್ಲಿ ಗಡಿಯಾರ. ಹತ್ತು ನಿಮಿಷಕ್ಕೆ ಗೋಲಿ ಬಿಸಿಯಾಯಿತು. ಇಪ್ಪತ್ತು ನಿಮಿಷಕ್ಕೆ ಅದು ಗೋಲಿಯಾಗಿ ಉಳಿಯಲಿಲ್ಲ, ತೊಡೆಯ ಒಳಗಿನಿಂದ ಮಂಡಿಯವರೆಗೆ ಹರಿಯಿತು. ಅವರು ಮಳೆಯ ಬಗ್ಗೆ, ಹಾಲಿನ ಬಗ್ಗೆ, ಬೇತಮಂಗಲದ ಕೆರೆಯ ನೀರಿನ ಬಗ್ಗೆ ಮಾತಾಡುತ್ತಿದ್ದರು. ಗೀತಾ ಕಾಫಿ ತಂದಳು. ಹುಡುಗನ ತಾಯಿ ನನ್ನ ಕಡೆ ತಿರುಗಿ ಏನೋ ಕೇಳಿದರು, ನನಗೆ ತುಟಿ ಆಡಿದ್ದು ಮಾತ್ರ ಕಾಣಿಸಿತು. ಅವರು ಹತ್ತಿರ ಬಗ್ಗಿ ಇನ್ನೊಂದು ಸಲ ಕೇಳಿದರು.

"ಯಾಕಮ್ಮ, ಮಕ ಇಂಗೆ ಬೆವರ್ತಾ ಐತೆ? ಮೈಯಾಗೇನಾದ್ರೂ ಸರಿ ಇಲ್ವಾ?"

"ಇಲ್ಲ, ಸೆಕೆ" ಎಂದೆ. ಡಿಸೆಂಬರ್ ತಿಂಗಳು. ಎಲ್ಲರೂ ಶಾಲು ಹೊದ್ದಿದ್ದರು.

ಆಮೇಲೆ ನಾನು ಎದ್ದೆ. ಏಳಬೇಕೆಂದು ನಿರ್ಧರಿಸಿ ಎದ್ದದ್ದಲ್ಲ, ಎದ್ದಿದ್ದೇನೆ ಎಂದು ಆಮೇಲೆ ತಿಳಿಯಿತು. ಹುಡುಗನ ಮಾವ ಏನೋ ಹೇಳುತ್ತಿದ್ದವರು ಮಾತು ನಿಲ್ಲಿಸಿದರು. ಹಿತ್ತಿಲಿಗೆ ಹೋಗಿ ವಾಂತಿ ಮಾಡಿಕೊಂಡು, ಕೊಟ್ಟಿಗೆಯಲ್ಲಿ ಹುಲ್ಲಿನ ಮೇಲೆ ಬೋರಲಾಗಿ ಮಲಗಿಬಿಟ್ಟೆ. ಎಷ್ಟು ಹೊತ್ತೋ ತಿಳಿಯದು. ಅತ್ತೆ ಹುಡುಕಿಕೊಂಡು ಬಂದರು. ಬೈಯಲೆಂದೇ ಬಂದಿದ್ದರು ಅನಿಸುತ್ತದೆ. ನನ್ನ ಮುಖ ನೋಡಿದರು. ಬಗ್ಗಿ ನನ್ನ ಕೂದಲಿನಿಂದ ಒಂದು ಹುಲ್ಲಿನ ಎಸಳು ತೆಗೆದು, ವಾಪಸು ಹೋದರು.

ಒಂದು ವಾರ ಸುದ್ದಿಯಿಲ್ಲ. ಎಂಟನೆಯ ದಿನ ಜಾತಕ ಕೂಡಲಿಲ್ಲ ಎಂದು ಹೇಳಿ ಕಳಿಸಿದರು. ಜಾತಕ ನೋಡಿಯೇ ಅವರು ಬಂದದ್ದು. ಹದಿನೈದು ದಿನದ ಮೇಲೆ ಹಾಲಿನ ಡೇರಿಯಲ್ಲಿ ಯಾರೋ ನಮ್ಮನೆಯವರಿಗೆ ನಿಜ ಹೇಳಿದರು. ಆ ಮನೆ ಸೊಸೆಗೆ ಏನೋ ಕಾಯಿಲೆಯಂತೆ, ಮುಚ್ಚಿಟ್ಟಿದ್ದಾರೆ, ಇನ್ನೇನೇನು ಮುಚ್ಚಿಟ್ಟಿದ್ದಾರೋ ಎಂದು ಅವರ ಕಡೆಯವರು ಅಂದರಂತೆ.

ಮನೆಯಲ್ಲಿ ಯಾರೂ ನನ್ನನ್ನು ಒಂದು ಮಾತು ಆಡಲಿಲ್ಲ. ಆಡಿದ್ದರೆ ಸಹಿಸಬಹುದಿತ್ತು. ಮೂರು ದಿನ ಕಳೆದು, ಗೀತಾ ಮಾಳಿಗೆಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ನಾನೂ ಹತ್ತಿ ಹೋದೆ. ಅವಳಿಗೆ ಒಂದು ಉತ್ತರ ಕೊಡಬೇಕಾಗಿತ್ತು.

"ನಿನ್ನ ಮದುವೆ ನನ್ನಿಂದ ನಿಂತೋಯ್ತು ಗೀತಾ."

"ಬಿಡತ್ಗೆ. ಮೈ ಸರಿ ಇಲ್ದೋರು ಇರೋ ಮನೆ ಬೇಡ ಅನ್ನೋರ ಮನೇಲಿ ನಾನು ಒಂದಿನ ಉಷಾರು ತಪ್ಪಿದ್ರೆ ಏನ್ ಗತಿ?" ಅವಳು ಸೀರೆಯ ಒಂದು ತುದಿ ನನ್ನ ಕೈಗೆ ಕೊಟ್ಟಳು, ಇಬ್ಬರೂ ಹಿಡಿದು ಮಡಿಸಿದೆವು. "ಆದ್ರೆ ಒಂದು ಕೇಳ್ತೀನಿ. ಸೊಂಟ ನೋವಿರೋರ್ನ ನಾನು ನೋಡಿದ್ದೀನಿ. ಅವರು ಬಗ್ಗಿದ್ರೆ ಅಯ್ಯೋ ಅಂತಾರೆ. ನೀನು ಬಿಂದಿಗೆ ಎತ್ತೀಯ, ಬಗ್ಗಿ ಕಸ ಗುಡಿಸ್ತೀಯ. ನಿಂಗೆ ನೋವಿರೋದು ಎಲ್ಲಿ?"

ಎರಡು ವರ್ಷದಲ್ಲಿ ಆ ಪ್ರಶ್ನೆಯನ್ನು ಬೇರೆ ಯಾರೂ ಎರಡನೆಯ ಸಲ ಕೇಳಿರಲಿಲ್ಲ. ನಾನು ಹೇಳಿದೆ. ಸೀರೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡೇ ಹೇಳಿದೆ, ಮೂತ್ರ ಮಾಡುವ ಜಾಗಕ್ಕೂ ಹಿಂದಕ್ಕೂ ಮಧ್ಯೆ ಎಂದು. ಹೇಳಿ ಮುಗಿಸಿದ ಮೇಲೆ ಅಳು ಬಂತು.

ಗೀತಾ ನಗಲಿಲ್ಲ, ಮುಖ ಸಿಂಡರಿಸಲಿಲ್ಲ. "ಇದನ್ನ ಡಾಕ್ಟ್ರಿಗೆ ಏಳಿದ್ದೀಯಾ?" ಎಂದಳು.

"ಇಲ್ಲ."

"ಅಣ್ಣಂಗೆ?"

"ಇಲ್ಲ."

"ಮತ್ತೆ ಅವರೆಲ್ಲ ಇಷ್ಟು ದಿನ ಏನಕ್ಕೆ ಔಷಧಿ ಕೊಟ್ರು ನಿಂಗೆ?"

ಕೆಳಗಿಳಿದ ಮೇಲೆ ಅವಳು ತನ್ನ ಅಂಗಡಿಯ ಒಬ್ಬ ಹುಡುಗಿಗೆ ಫೋನ್ ಮಾಡಿದಳು. ಆ ಹುಡುಗಿಯ ಅಕ್ಕ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಹದಿನೈದು ದಿನ ಬಿಟ್ಟು ಒಬ್ಬ ಲೇಡಿ ಡಾಕ್ಟರ ಹತ್ತಿರ ಸಮಯ ಸಿಕ್ಕಿತು. ಆ ಹದಿನೈದು ದಿನದಲ್ಲಿ ಬೇಡ ಎಂದು ನಾಲ್ಕು ಸಲ ಹೇಳಿದೆ. ಎಲ್ಲಿದೆ ಎಂದು ಹೇಳಿದರೆ ಅಲ್ಲಿ ನೋಡುತ್ತಾರೆ. ನೋಡಿದರೆ ಏನೋ ಸಿಕ್ಕೇ ಸಿಗುತ್ತದೆ. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಅದೊಂದೇ.

ಬಂಗಾರಪೇಟೆಯಿಂದ ಬೆಳಗಿನ ರೈಲು, ಜೊತೆಗೆ ಗೀತಾ. ಕೆಲಸಕ್ಕೆ ಹೋಗುವವರಿಂದ ಆ ರೈಲು ಹೇಗೆ ತುಂಬಿರುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಬಾಗಿಲಿನಿಂದ ಬಾಗಿಲಿನವರೆಗೆ ಜನ ನಿಂತಿದ್ದರು. ಯಾರೂ ನನ್ನನ್ನು ಯಾಕೆ ನಿಂತಿದ್ದೀಯ ಎಂದು ಕೇಳಲಿಲ್ಲ. ಎಷ್ಟೋ ತಿಂಗಳಾದ ಮೇಲೆ ನಾನು ಎಲ್ಲರ ಹಾಗೆ ಇದ್ದೆ. ಅಷ್ಟು ನೂಕುನುಗ್ಗಲಿನಲ್ಲಿ, ಯಾರದೋ ಊಟದ ಬ್ಯಾಗು ಪಕ್ಕೆಗೆ ಚುಚ್ಚುತ್ತಿರುವಾಗ, ನನಗೆ ಸ್ವಲ್ಪ ಉಸಿರಾಡಿದ ಹಾಗಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರ್ ಎದುರು ನಿಂತಾಗ, ಅಭ್ಯಾಸಬಲ, "ಸೊಂಟ" ಎಂದೇ ಶುರು ಮಾಡಿದೆ. ಗೀತಾ ಹಿಂದಿನಿಂದ ನನ್ನ ಮೊಣಕೈ ಹಿಡಿದಳು.

"ಸೊಂಟ ಅಲ್ಲ ಮೇಡಂ. ಅತ್ಗೆ, ನೋವು ಎಲ್ಲಿ ಅಂತ ನೀನೇ ಏಳು. ನಾನು ಏಳಲ್ಲ."

ನಾನು ಹೇಳಿದೆ. ಡಾಕ್ಟರ್ ಬಾಗಿಲು ಹಾಕಿಸಿದರು. ಎಷ್ಟು ಹೊತ್ತು ಕೂತರೆ ಬರುತ್ತದೆ, ಕುಕ್ಕರಗಾಲಿನಲ್ಲಿ ಕೂತರೆ ಹೇಗಿರುತ್ತದೆ, ಗಂಡನ ಜೊತೆ ಇರುವಾಗ ನೋವಾಗುತ್ತದೆಯೇ, ಎಲ್ಲ ಕೇಳಿದರು. ಕುಕ್ಕರಗಾಲಿನಲ್ಲಿ ನೋವಿಲ್ಲ ಎಂದಾಗ ನನ್ನನ್ನು ಸುಳ್ಳಿ ಎಂದುಕೊಳ್ಳುತ್ತಾರೆ ಎಂದು ಹೆದರಿದ್ದೆ. ಅವರು ತಲೆಯಾಡಿಸಿ ಬರೆದುಕೊಂಡರು. ಪರೀಕ್ಷೆ ಮಾಡುವಾಗ ಒಂದು ಕಡೆ ಬೆರಳು ತಾಗಿದೊಡನೆ ನಾನು ಕೂಗಿಕೊಂಡೆ. "ಇಲ್ಲೇ ಅಲ್ವಾ?" ಎಂದರು. ಇಲ್ಲೇ. ಎರಡು ವರ್ಷದಲ್ಲಿ ಮೊದಲ ಸಲ ಒಬ್ಬರ ಕೈ ನನ್ನ ನೋವನ್ನು ಮುಟ್ಟಿತ್ತು.

ಇನ್ನೊಂದು ಸ್ಕ್ಯಾನ್ ಬರೆದುಕೊಟ್ಟರು, ಗಡ್ಡೆ ಏನಾದರೂ ಇದೆಯೇ ನೋಡೋಣ ಎಂದು. ಗಡ್ಡೆ ಎಂಬ ಮಾತನ್ನು ಅವರು ಉಪ್ಪು ಎಂದ ಹಾಗೆ ಸಲೀಸಾಗಿ ಹೇಳಿದರು. ಫಲಿತಾಂಶಕ್ಕೆ ಒಂದು ವಾರ. ಆ ವಾರ ನಾನು ಪವಿತ್ರಳಿಗೆ ಅನ್ನ ಬಸಿಯುವುದು, ಹಿಟ್ಟು ಕಲಸುವುದು, ಹಸುವಿಗೆ ಬೂಸ ಎಷ್ಟು ಹಾಕಬೇಕು ಎನ್ನುವುದನ್ನೆಲ್ಲ ಕಲಿಸಿದೆ. ಯಾಕೆ ಎಂದು ಅವಳು ಕೇಳಲಿಲ್ಲ. ಹೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅದನ್ನು ನೋಡಿದ ದಿನ ನಮ್ಮನೆಯವರಿಗೂ ಎಲ್ಲ ಹೇಳಿಬಿಟ್ಟೆ. ಅವರು ತಲೆ ತಗ್ಗಿಸಿ ಕೇಳಿದರು. "ನಾನು ಬೇರೆಯೋನಾ ಲಲ್ತಾ?" ಎಂದರು, ಅಷ್ಟೇ. ಆ ಮಾತು ಈಗಲೂ ಚುಚ್ಚುತ್ತದೆ. ಫಲಿತಾಂಶ ತರಲು ಅವರು, ಗೀತಾ, ನಾನು ಮೂವರೂ ಹೋದೆವು.

ಗಡ್ಡೆ ಇರಲಿಲ್ಲ.

"ಹಾಗಾದ್ರೆ ಯಾಕೆ ಮೇಡಂ ನೋವು?" ಎಂದು ನಮ್ಮನೆಯವರು ಕೇಳಿದರು.

ಡಾಕ್ಟರ್ ರಿಪೋರ್ಟನ್ನು ಪಕ್ಕಕ್ಕಿಟ್ಟರು. "ಅಲ್ಲಿನ ಒಂದು ನರ, ಸುತ್ತಲ ಮಾಂಸಖಂಡ ಸಿಟ್ಟಿಗೆದ್ದಿದೆ ಅಂತ ಹೇಳಬಹುದು. ಯಾಕೆ ಅಂತ ನಂಗೆ ಗೊತ್ತಿಲ್ಲ. ಕೆಲವರಲ್ಲಿ ಕಾರಣ ಸಿಗೋದೇ ಇಲ್ಲ. ಆದ್ರೆ ಇವರ ನೋವು ನಿಜ. ಇದನ್ನ ಬರೆದುಕೊಡ್ತೀನಿ, ಯಾರಾದ್ರೂ ಕೇಳಿದ್ರೆ ತೋರ್ಸಿ."

ಆ ಚೀಟಿಯನ್ನು ನಾನು ಯಾರಿಗೂ ತೋರಿಸಿಲ್ಲ. ಊರಿಗೆ ಬಂದು ಅತ್ತೆಗೆ ಓದಿ ಹೇಳಲು ತೆಗೆದೆ. ಅವರು ಕೈ ಅಡ್ಡ ಹಿಡಿದರು. "ಬ್ಯಾಡ ಎತ್ತಿಡು. ಅವತ್ತು ಕೊಟ್ಟಿಗೇಲಿ ನೋಡಿದ್ನಲ್ಲ" ಎಂದರು. ಅಂದಿನಿಂದ ಮನೆಗೆ ಯಾರು ಬಂದರೂ ಅವರು ಕೇಳುವ ಮೊದಲೇ, "ನಮ್ಮ ಲಲ್ತಂಗೆ ಕುಂತ್ಕಂಡ್ರೆ ನೋವು, ಅವಳು ನಿಂತ್ಕಂಡೇ ಮಾತಾಡ್ತಾಳೆ, ನೀವು ಕುಂತ್ಕಳಿ" ಎಂದು ಅತ್ತೆಯೇ ಹೇಳಿಬಿಡುತ್ತಾರೆ. ಬೇತಮಂಗಲದಿಂದ ಗೀತಾಳನ್ನು ನೋಡಲು ಬಂದವರಿಗೂ ಬಾಗಿಲಲ್ಲೇ ಹೀಗೇ ಹೇಳಿದರು. ಅವರು ಹೌದಾ ಎಂದು ಕೂತು ಕಾಫಿ ಕುಡಿದರು. ಆ ಮದುವೆ ಆಯಿತು.

ನಾನು ವಾಸಿಯಾಗಿಲ್ಲ. ಮೊದಲು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ವ್ಯಾಯಾಮ ಕಲಿತೆ. ಹೊಟ್ಟೆಯವರೆಗೆ ಉಸಿರು ತೆಗೆದುಕೊಂಡು, ಇಷ್ಟು ವರ್ಷ ಹೆದರಿ ಬಿಗಿ ಹಿಡಿದಿದ್ದನ್ನು ಸಡಿಲ ಬಿಡುವುದು. ಕೇಳಲು ಸುಲಭ. ನನಗೆ ಆರು ತಿಂಗಳು ಹಿಡಿಯಿತು. ಐದು ನಿಮಿಷ ಹತ್ತಾಯಿತು, ಹತ್ತು ಹದಿನೈದಾಯಿತು. ಒಳ್ಳೆಯ ದಿನ ಇಪ್ಪತ್ತು. ಗೋಪಾಲಯ್ಯನವರ ಅಂಗಡಿಯಲ್ಲಿ ಈಗ ನಾನು ನಿಂತು ಗಿರಾಕಿಗಳ ಮಾತು ಕೇಳಿ ಕರಡು ಬರೆಯುತ್ತೇನೆ, ಆ ಹುಡುಗಿ ಕೂತು ಟೈಪ್ ಮಾಡುತ್ತಾಳೆ. ಸಂಜೆಯವರೆಗೆ ಇರುತ್ತೇನೆ. ಕೆಲವು ವಾರ ಕಾರಣವಿಲ್ಲದೆ ಎಲ್ಲ ಕೆಟ್ಟು ಮತ್ತೆ ಐದು ನಿಮಿಷಕ್ಕೆ ಬರುತ್ತದೆ. ಆಗ ಹಳೆಯ ಭಯವೆಲ್ಲ ಹಾಗೇ ಎದ್ದು ಬರುತ್ತದೆ, ಈ ಸಲ ಇದು ಹೋಗುವುದಿಲ್ಲ, ಡಾಕ್ಟರು ನೋಡದೇ ಬಿಟ್ಟದ್ದು ಏನೋ ಇದೆ ಎಂದು. ಇಂಥ ನೋವಿರುವ ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೆ ಧೈರ್ಯವಾಗಿರಿ ಎಂದು ಹೇಳುವಷ್ಟು ಧೈರ್ಯ ನನಗಿಲ್ಲ. ಎಲ್ಲಿ ನೋವು ಎಂದು ಕೇಳಿದಾಗ, ಎಲ್ಲಿದೆಯೋ ಅಲ್ಲೇ ಎಂದು ಹೇಳಿ. ಬಾಗಿಲು ಹಾಕಿ ಎಂದು ಕೇಳಿ, ಹಾಕುತ್ತಾರೆ.

ಕಳೆದ ತಿಂಗಳು ಗೀತಾಳಿಗೆ ಹೆರಿಗೆಯಾಯಿತು. ಆಸ್ಪತ್ರೆಯ ಹೊರಗೆ ಅವಳ ಗಂಡನ ಕಡೆಯವರೂ ನಮ್ಮತ್ತೆಯೂ ಬೆಂಚಿನ ಮೇಲೆ, ನಾನು ಕಿಟಕಿಯ ಹತ್ತಿರ, ಬೆಳಗಿನಿಂದ ಕಾದೆವು. ಆ ವಾರ ನನಗೆ ಒಳ್ಳೆಯ ವಾರವೇನೂ ಆಗಿರಲಿಲ್ಲ. ಹೆಣ್ಣು ಮಗು. ಒಳಗೆ ಬಿಟ್ಟಾಗ ಗೀತಾ ಕಣ್ಣು ಅರ್ಧ ಮುಚ್ಚಿ ಮಲಗಿದ್ದಳು. ನನ್ನನ್ನು ನೋಡಿ, "ಮೊದ್ಲು ಅತ್ಗೆ ಕೈಗೆ ಕೊಡಿ" ಎಂದಳು.

ನರ್ಸು ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಮುಂದೆ ನಿಂತಳು. "ಕೂತ್ಕಂಡು ಎತ್ಕಳಿ ಅಕ್ಕ. ನಿಂತವರ ಕೈಗೆ ನಾವು ಕೊಡಲ್ಲ."

ನಿಂತವರಿಗೆ ಮಡಿಲು ಇರುವುದಿಲ್ಲ. ಅದು ನನಗೆ ಅಲ್ಲಿಯವರೆಗೆ ಹೊಳೆದಿರಲೇ ಇಲ್ಲ. ಅತ್ತೆ ಬಾಯಿ ತೆರೆದರು, ಎಲ್ಲರಿಗೂ ಹೇಳುವುದನ್ನು ಹೇಳಲು. ನಾನು ಸ್ಟೂಲು ಎಳೆದುಕೊಂಡು ಕೂತೆ. ಮಗುವನ್ನು ಮಡಿಲಲ್ಲಿ ಇಟ್ಟರು. ಬಟ್ಟೆಯ ಮೂಲಕ ಅದರ ಬಿಸಿ ತೊಡೆಗೆ ತಾಗಿತು. ಹೊಟ್ಟೆಯವರೆಗೆ ಉಸಿರು ತೆಗೆದುಕೊಂಡೆ. ಮಗು ಆಕಳಿಸಿ, ಒಂದು ಕೈಯನ್ನು ಬಟ್ಟೆಯಿಂದ ಹೊರಗೆ ತಂದು, ಮುಚ್ಚಿದ ಮುಷ್ಟಿಯನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡಿತು.

ಹತ್ತು ನಿಮಿಷಕ್ಕೆ ನೋವು ಬಂತು. ನನ್ನ ಮುಖ ಬದಲಾಗಿರಬೇಕು. ಎದುರಿಗೆ ನಿಂತಿದ್ದ ಅತ್ತೆ ಕೈ ಚಾಚಿದರು.

"ಕೊಡಮ್ಮ, ನಿಂಗೆ ಹೊತ್ತಾಯ್ತು. ಏಳು ಮ್ಯಾಕೆ."

"ಇನ್ನೊಂದೈದು ನಿಮಿಷ ಅತ್ತೆ" ಎಂದೆ.

ಅತ್ತೆ ಚಾಚಿದ ಕೈಗಳನ್ನು ಹಾಗೇ ಚಾಚಿಕೊಂಡು ನಿಂತರು.